ಬಸ್ಸಿನಲ್ಲಿ ಹೇಳದೆ ಬಿಟ್ಟ ಮಾತು

ಈ ಕೊಲ್ಲಿ ದೇಶದಲ್ಲಿರುವ ನಮ್ಮ ಇಗರ್ಜಿಯ ಗಂಡಸರ ಸಂಘಕ್ಕೆ ಆ ವರ್ಷ ನಾನು ಕಾರ್ಯದರ್ಶಿ. ಅದುವರೆಗೆ ಸಂಘದ ಕೆಲಸವೆಂದರೆ ಹಬ್ಬಕ್ಕೆ ಕುರ್ಚಿ ಹಾಕುವುದು, ತೆನೆ ಹಬ್ಬದ ಊಟ ಬಡಿಸುವುದು, ಯಾರಾದರೂ ತೀರಿಕೊಂಡರೆ ದೇಹ ಊರಿಗೆ ಕಳಿಸುವ ಕಾಗದಪತ್ರಕ್ಕೆ ಓಡಾಡುವುದು. ನಮ್ಮವರೆಲ್ಲ ಆಫೀಸು, ಆಸ್ಪತ್ರೆ, ಅಂಗಡಿಗಳಲ್ಲಿ ಏಸಿಯ ಕೆಳಗೆ ಕೂತು ಕೂತು ನಲವತ್ತಕ್ಕೇ ಸಕ್ಕರೆ ಕಾಯಿಲೆ ತಂದುಕೊಂಡವರು. ಇವರನ್ನು ಚಳಿಗಾಲದ ಒಂದು ಶುಕ್ರವಾರ ಬಯಲಿಗೆ ಕರೆದುಕೊಂಡು ಹೋಗೋಣ, ಟೆಂಟ್ ಹಾಕುವುದು, ದಿಕ್ಕು ಗುರುತಿಸುವುದು, ಬೆಂಕಿ ಹೊತ್ತಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಕಲಿಸೋಣ, ಬೆಳಿಗ್ಗೆ ಎರಡು ಗಂಟೆ ಶೂಟಿಂಗ್ ರೇಂಜಿನಲ್ಲಿ ರೈಫಲ್ ಹಿಡಿಯುವುದನ್ನೂ ಕಲಿಯೋಣ ಎಂದು ಸಭೆಯಲ್ಲಿ ನಾನೇ ಸೂಚಿಸಿದೆ. ಜನರಿಗೆ ಉಳಿದದ್ದೇನೂ ಕೇಳಿಸಲಿಲ್ಲ. ರೈಫಲ್ ಮಾತ್ರ ಕೇಳಿಸಿತು. ಒಂದೇ ವಾರದಲ್ಲಿ ಇಪ್ಪತ್ನಾಲ್ಕು ಹೆಸರು ಬಂದವು.

ಫಾದರ್ ನನ್ನನ್ನು ಪೂಜೆಯ ನಂತರ ಪಕ್ಕಕ್ಕೆ ಕರೆದರು.

"ಇಗರ್ಜಿಯ ಹೆಸರಿನಲ್ಲಿ ಕೋವಿ ಯಾಕೆ?"

"ಕೋವಿ ನಮ್ಮದಲ್ಲ ಫಾದರ್. ಪರವಾನಗಿ ಇರುವ ರೇಂಜ್. ಅವರದ್ದೇ ಕೋವಿ, ಅವರದ್ದೇ ಕೋಚ್. ಹೊಡೆಯುವುದು ಕಾಗದಕ್ಕೆ."

"ಒಬ್ಬನ ಕೂದಲು ಕೊಂಕಿದರೂ ಕೇಳುವುದು ನಿನ್ನನ್ನಲ್ಲ, ನನ್ನನ್ನು. ನಾವು ಬೇರೆಯವರ ಮನೆಯಲ್ಲಿ ಇದ್ದೇವೆ, ಅದು ನೆನಪಿರಲಿ," ಎಂದರು. ಒಪ್ಪಿದ್ದು ಹಾಗೆ.

ನನಗೆ ಬೆನ್ನೆಲುಬಾಗಿ ನಿಂತವರು ಇಬ್ಬರು. ಒಬ್ಬ ನನ್ನ ಗೆಳೆಯ. ಮದುವೆಗೆ ಮುಂಚೆ ಇಬ್ಬರೂ ಒಂದೇ ಕೋಣೆಯಲ್ಲಿದ್ದವರು, ಈಗ ಬ್ನೇದ್ ಅಲ್ ಗಾರ್‌ನ ಒಂದೇ ಕಟ್ಟಡದಲ್ಲಿ ನಾನು ಮೂರನೇ ಮಾಳಿಗೆ, ಅವನು ಐದನೆಯದು. ಅವನು ದಂತ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವವನು. ಅಕ್ಕಿಕಾಳಿನಷ್ಟು ಹಲ್ಲಿಗೆ ಕೂದಲಿನಂಥ ಬ್ರಶ್ಶಿನಿಂದ ಬಣ್ಣ ಕೊಡುವ ಕೆಲಸ. ಅವನ ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಎಂಟನೇ ಕ್ಲಾಸಿನ ಮಗಳು, ಅಪ್ಪ ಕೊಂಕಣಿಯಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು.

ಇನ್ನೊಬ್ಬರು ಬೆಳಗಾವಿ ಕಡೆಯವರು, ಸೈನ್ಯದಲ್ಲಿ ಹವಲ್ದಾರರಾಗಿ ನಿವೃತ್ತರಾಗಿ ಇಲ್ಲಿನ ಅಹ್ಮದಿಯಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಆಗಿದ್ದವರು. ನಮ್ಮ ಇಗರ್ಜಿಯವರಲ್ಲ, ಹಿಂದೂಗಳು. ಕನ್ನಡಿಗರ ಒಂದು ಊಟದಲ್ಲಿ ಪರಿಚಯ. ಎಲ್ಲರೂ ಅವರನ್ನು ಹವಲ್ದಾರರೇ ಎಂದೇ ಕರೆಯುವುದು. ಅವರಿಗಾಗಿ ನಮ್ಮ ಸಭೆಗಳು ಕೊಂಕಣಿ ಬಿಟ್ಟು ಕನ್ನಡಕ್ಕೆ ಬಂದವು. ಎರಡು ಶುಕ್ರವಾರ ಇಗರ್ಜಿಯ ಹಾಲಿನಲ್ಲಿ ನಮ್ಮ ಕೈಗೆ ಮರದ ಕೋಲು ಕೊಟ್ಟು ಅಭ್ಯಾಸ ಮಾಡಿಸಿದರು.

"ತುದಿ ಯಾರ ಕಡೀನೂ ತಿರಗಬಾರದು. ಬೆರಳು ಟ್ರಿಗರಿನ ಕುದುರಿ ಮ್ಯಾಲೆ ಕೊನಿಗೆ ಬರಬೇಕು. ಖಾಲಿ ಐತಿ ಅಂತ ತಿಳಕೊಂಡ ಬಂದೂಕೇ ಮಂದಿನ್ನ ಕೊಲ್ಲೂದು, ತಿಳೀತ್ರೀ?"

ಕೋಲು ಹಿಡಿದ ಬ್ಯಾಂಕ್ ಮ್ಯಾನೇಜರರೂ, ಫಾರ್ಮಸಿಸ್ಟರೂ ಶಾಲೆಯ ಹುಡುಗರ ಹಾಗೆ ತಲೆ ಆಡಿಸುತ್ತಿದ್ದರು.

ಶಿಬಿರಕ್ಕೆ ಜಾಗ ಕೊಟ್ಟವರು ನಮ್ಮ ಕಂಪನಿಯ ಮಾಲೀಕರು. ಚಳಿಗಾಲದಲ್ಲಿ ಇಲ್ಲಿನವರು ಮರುಭೂಮಿಯಲ್ಲಿ ಡೇರೆ ಹಾಕಿಸಿಕೊಳ್ಳುತ್ತಾರಲ್ಲ, ಅಂಥದ್ದು, ಸಾಲ್ಮಿ ರಸ್ತೆಯ ಆಚೆ. ಒಂದು ದಿನಕ್ಕೆ ಉಪಯೋಗಿಸಿಕೊಳ್ಳಿ ಎಂದರು.

ನಾನು ಹದಿನಾಲ್ಕು ನಿಯಮ ಬರೆದು ವಾಟ್ಸಾಪ್ ಗುಂಪಿಗೆ ಹಾಕಿದೆ. ಅದರಲ್ಲಿ ಒಂಬತ್ತು ರೈಫಲ್ಲಿನವು. ಹನ್ನೊಂದನೆಯದು: ಮರಳಿನಲ್ಲಿ ಬಿದ್ದಿರುವ ಕಬ್ಬಿಣದ ಯಾವ ವಸ್ತುವನ್ನೂ ಮುಟ್ಟಬಾರದು. ಕೊಲ್ಲಿ ಯುದ್ಧ ಮುಗಿದು ಮೂವತ್ತು ವರ್ಷ ದಾಟಿದರೂ ಸಿಡಿಯದೆ ಉಳಿದದ್ದು ಅಲ್ಲಲ್ಲಿ ಹೂತುಕೊಂಡಿದೆ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು, ಯಾರಿಗೂ ನೆನಪಿರುವುದಿಲ್ಲ.

ಹವಲ್ದಾರರು ಫೋನ್ ಮಾಡಿದರು. "ಹನ್ನೊಂದನೇದ್ದು ಯಾರೂ ಓದಾಂಗಿಲ್ರಿ. ಮೊನ್ನೆ ದೊಡ್ಡ ಮಳಿ ಆಗೇತಿ. ಮಳಿ ಆದ್ರ ಉಸುಕು ಸರದು ಒಳಗಿದ್ದದ್ದು ಮ್ಯಾಲೆ ಬರತೈತಿ. ಬಸ್ನ್ಯಾಗ ನಿಂತು ಬಾಯಿಬಿಟ್ಟು ಹೇಳ್ರಿ. ಮರೀಬ್ಯಾಡ್ರಿ."

"ಖಂಡಿತ ಹೇಳುತ್ತೇನೆ," ಎಂದೆ. ಕಾಗದದಲ್ಲಿ ಬರೆದೂ ಇಟ್ಟುಕೊಂಡೆ.

ಆ ಶುಕ್ರವಾರ ಬಸ್ಸು ಬಂದದ್ದೇ ನಲವತ್ತು ನಿಮಿಷ ತಡವಾಗಿ. ರೇಂಜಿನಲ್ಲಿ ನಮಗೆ ಕೊಟ್ಟ ಹೊತ್ತು ತಪ್ಪಬಾರದೆಂದು ಎಲ್ಲರನ್ನೂ ಯಲ್ಲಾ ಯಲ್ಲಾ ಎಂದು ಹತ್ತಿಸಿದೆ. ದಾರಿಯುದ್ದಕ್ಕೂ ಸಿವಿಲ್ ಐಡಿಗಳನ್ನು ಎಣಿಸಿ, ಪಟ್ಟಿಗೆ ತಾಳೆ ನೋಡುವುದರಲ್ಲೇ ಇದ್ದೆ.

ರೇಂಜಿನಲ್ಲಿ ಒಂದು ಕೂದಲೂ ಕೊಂಕಲಿಲ್ಲ. ಈಜಿಪ್ಟಿನ ಕೋಚ್ ಹೇಳಿದ್ದನ್ನು ಹವಲ್ದಾರರು ಕನ್ನಡದಲ್ಲಿ ಹೇಳುತ್ತಿದ್ದರು. ನಾಲ್ಕು ನಾಲ್ಕು ಜನ ಚಾಪೆಯ ಮೇಲೆ ಬೋರಲು ಮಲಗಿ, ಕಿವಿಗೆ ಮುಚ್ಚಳ ಹಾಕಿಕೊಂಡು, ಒಬ್ಬೊಬ್ಬರಿಗೆ ಹತ್ತು ಗುಂಡು. ಉಸಿರು ಅರ್ಧ ಬಿಟ್ಟು ತಡೆಯಿರಿ, ಕುದುರೆಯನ್ನು ಎಳೆಯಬೇಡಿ, ಒತ್ತಿ. ನನ್ನ ಹತ್ತರಲ್ಲಿ ಐದು ಕಾಗದಕ್ಕೇ ತಾಗಲಿಲ್ಲ. ಗೆಳೆಯನ ಹತ್ತೂ ಒಂದು ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಬಿದ್ದಿದ್ದವು. ಕೋಚ್ ಅವನ ಕೈಯನ್ನು ಹಿಡಿದು ತಿರುಗಿಸಿ ನೋಡಿ, ಏನು ಕೆಲಸ ಎಂದು ಕೇಳಿದ. "ಹಲ್ಲು," ಎಂದು ಗೆಳೆಯ ತನ್ನ ಹಲ್ಲನ್ನೇ ತೋರಿಸಿದ. ಎಲ್ಲರೂ ನಕ್ಕೆವು.

ಅಲ್ಲಿಂದ ಶಿಬಿರಕ್ಕೆ ಹೊರಟಾಗ ಬಸ್ಸು ಮದುವೆ ದಿಬ್ಬಣದ ಹಾಗಿತ್ತು. ಹಿಂದೆ ಯಾರೋ ಕೊಂಕಣಿ ಹಾಡು ಎತ್ತಿಕೊಂಡಿದ್ದರು. ನಾನು ಕಾಗದ ತೆಗೆದು ಎದ್ದು ನಿಂತೆ. "ಒಂದು ನಿಮಿಷ, ಒಂದು ನಿಮಿಷ" ಎಂದೆ.

"ಕೂತುಕೊ ಮಾರಾಯ! ಸೆಕ್ರೆಟರಿ ಭಾಷಣ ಸಾಕು!"

ಬಸ್ಸಿಡೀ ಹೋ ಎಂದಿತು. ನಾನೂ ನಕ್ಕು ಕೂತುಬಿಟ್ಟೆ. ಮುಂದಿನ ಸೀಟಿನಿಂದ ಹವಲ್ದಾರರು ಹಿಂತಿರುಗಿ ನೋಡಿದರು. "ಇಳಿದ ಮೇಲೆ ಹೇಳುತ್ತೇನೆ," ಎಂದು ಕೈಸನ್ನೆ ಮಾಡಿದೆ. ಇಳಿದ ಮೇಲೆ ಊಟ ಆರುತ್ತಿತ್ತು. ಊಟವಾದ ಮೇಲೆ ಟೆಂಟಿನ ಹಗ್ಗ ಬಿಚ್ಚಿ ಹರಡಿ ಆಗಿತ್ತು. ಆಮೇಲೆ ಆ ಕಾಗದ ನನ್ನ ಜೇಬಿನಲ್ಲಿದೆ ಎಂಬುದೇ ಮರೆತುಹೋಯಿತು.

ಮೂರು ಗಂಟೆಗೆ ಬೆಂಕಿ ಹೊತ್ತಿಸುವ ಸ್ಪರ್ಧೆ. ಮೂರು ತಂಡ. ಪ್ರತಿ ತಂಡವೂ ಮೂರು ಕಲ್ಲಿನ ಒಲೆ ಹೂಡಿ, ಒಂದೇ ಬೆಂಕಿಕಡ್ಡಿಯಲ್ಲಿ ಬೆಂಕಿ ಹಚ್ಚಿ, ಚಹಾ ಕುದಿಸಬೇಕು. ಕಟ್ಟಿಗೆ ನಾವು ತಂದಿದ್ದೆವು. ಕಲ್ಲನ್ನು ಅವರೇ ಹುಡುಕಿಕೊಳ್ಳಬೇಕು. ಆ ನಿಯಮ ಮಾಡಿದವನು ನಾನು. ಮರಳಿನಲ್ಲಿ ಕಲ್ಲು ಹುಡುಕುವುದು ಒಂದು ಮೋಜು ಅನಿಸಿತ್ತು.

ಗೆಳೆಯನಿಗೆ ಎರಡು ಕಲ್ಲು ಸಿಕ್ಕಿದ್ದವು. ಮೂರನೆಯದಕ್ಕೆ ಡೇರೆಗಳ ಹಿಂದೆ, ಮಳೆನೀರು ಕೊರೆದ ಸಣ್ಣ ಹಳ್ಳದ ಕಡೆ ಹೋದ. ನಾನು ಗಡಿಯಾರ ಹಿಡಿದು ನಿಂತಿದ್ದೆ. "ಸಿಕ್ಕಿತು!" ಎಂದು ಕೂಗಿದ್ದು ಕೇಳಿಸಿತು. ತಿರುಗಿ ನೋಡಿದೆ. ಬಲಗೈಯಲ್ಲಿ ಕೆಸರು ಮೆತ್ತಿದ ಸಣ್ಣ ಡಬ್ಬಿಯಂಥದ್ದು, ಒಲೆಗೆ ಕಲ್ಲಿನ ಬದಲು ಆಗುವಂಥದ್ದು. ಮಣ್ಣು ಉದುರಿಸಲು ಅದನ್ನು ಒಂದು ಕಲ್ಲಿಗೆ ತಟ್ಟಿದ.

ಆ ಸದ್ದು ಬೆಳಿಗ್ಗೆ ಕೇಳಿದ ಯಾವ ಗುಂಡಿನ ಸದ್ದಿನಂತೆಯೂ ಇರಲಿಲ್ಲ. ಎದೆಗೆ ಹಲಗೆಯಿಂದ ಹೊಡೆದ ಹಾಗಾಯಿತು. ಮರಳು ಕೆಳಗಿಳಿದಾಗ ಅವನು ಕೂತಿದ್ದ. ಬಿದ್ದಿರಲಿಲ್ಲ, ಕೂತಿದ್ದ. ಬಲಗೈಯನ್ನು ನೋಡುತ್ತಿದ್ದ. ಅಲ್ಲಿ ಕೈ ಇರಲಿಲ್ಲ.

ನಾವೆಲ್ಲ ಓಡಲು ಹೊರಟೆವು. "ಯಾರೂ ಕಾಲು ಎತ್ತಬ್ಯಾಡ್ರಿ! ನಿಂತಲ್ಲೇ ನಿಲ್ರಿ!" ಎಂದು ಹವಲ್ದಾರರು ಗದರಿದರು. ಗೆಳೆಯ ನಡೆದುಹೋದ ಹೆಜ್ಜೆಗುರುತಿನ ಮೇಲೆಯೇ ಹೆಜ್ಜೆ ಇಡುತ್ತ ಅವರೊಬ್ಬರೇ ಹೋದರು. ಸೊಂಟದ ಬೆಲ್ಟು ಬಿಚ್ಚಿ ಮೊಣಕೈಯ ಮೇಲೆ ಬಿಗಿದರು. ಹೊತ್ತು ತಂದು ಚಾಪೆಯ ಮೇಲೆ ಮಲಗಿಸಿದರು. ಪಟ್ಟಿ ಕಟ್ಟುವುದನ್ನು ಕಲಿಸಲೆಂದು ನಾವು ತಂದ ಬಟ್ಟೆಯೆಲ್ಲ ಅವನೊಬ್ಬನಿಗೇ ಹಿಡಿಯಿತು. ಆಂಬ್ಯುಲೆನ್ಸ್ ಬರುವ ತನಕ ಅವನು ನನ್ನನ್ನು ಒಂದೇ ಮಾತು ಕೇಳಿದ: "ಕಣ್ಣಿಗೆ ಏನು ಹೋಯಿತು, ನೋಡು ಮಾರಾಯ." ಎಡಗಣ್ಣನ್ನು ನೋಡಲು ನನ್ನಿಂದಾಗಲಿಲ್ಲ. ಮರಳು ಹೋಗಿದೆ ಎಂದೆ.

ಸಂಜೆ ಪೊಲೀಸ್ ಠಾಣೆಯಲ್ಲಿ ಸಂಘಟಕನೆಂದು ನನ್ನೊಬ್ಬನನ್ನು ಕೂರಿಸಿಕೊಂಡರು. ಅಧಿಕಾರಿ ಸಭ್ಯರು. ಚಹಾ ಕೊಟ್ಟರು. ಭಾಷಾಂತರ ಮಾಡುವವನು ಉರ್ದುವಿನಲ್ಲಿ ಕೇಳಿದ, ಜನರಿಗೆ ಮುನ್ನೆಚ್ಚರಿಕೆ ಕೊಟ್ಟಿದ್ದೆಯಾ ಎಂದು. ನಾನು ಫೋನ್ ತೆಗೆದು ಹನ್ನೊಂದನೇ ನಿಯಮ ತೋರಿಸಿದೆ.

"ಬಾಯಲ್ಲಿ ಹೇಳಿದ್ದೆಯಾ?"

ಇಲ್ಲಿ ವಾಸಕ್ಕೆ ಪರವಾನಗಿಯಾದ ನನ್ನ ಇಕಾಮಾ, ಮಾಲೀಕರ ಡೇರೆ, ಫಾದರ್ ಹೇಳಿದ ಮಾತು, ಇಗರ್ಜಿ ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಹಾಗೆಂದು ಈಗ ಹೇಳುತ್ತೇನೆ. ನಿಜಕ್ಕೂ ಬಂದದ್ದು ಭಯವೊಂದೇ.

"ಹೇಳಿದ್ದೆ. ಬಸ್ಸಿನಲ್ಲಿ ನಿಂತು ಎಲ್ಲರಿಗೂ ಹೇಳಿದ್ದೆ."

ಅವರು ಬರೆದುಕೊಂಡರು. ನಾನು ಸಹಿ ಹಾಕಿದೆ.

ಗೆಳೆಯನ ಬಲಗೈ ಮಣಿಕಟ್ಟಿನಿಂದ ಹೋಯಿತು. ಎಡಗಣ್ಣು ಹೋಯಿತು. ಒಂಬತ್ತು ದಿನದ ನಂತರ ಮಾತಾಡುವಷ್ಟು ಚೇತರಿಸಿಕೊಂಡಾಗ ಪೊಲೀಸರು ಬಂದು ಅವನ ಹೇಳಿಕೆ ತೆಗೆದುಕೊಂಡರು. ಮರುದಿನ ನಾನು ಹೋದೆ. ತಲೆಗೆ, ಮುಖಕ್ಕೆ ಬಟ್ಟೆ ಸುತ್ತಿ ಮಲಗಿದ್ದ.

"ನೀನು ಬಸ್ಸಿನಲ್ಲಿ ಎಚ್ಚರಿಕೆ ಹೇಳಿದ್ದೆಯಂತೆ," ಎಂದ. "ಪೊಲೀಸರು ಓದಿ ಹೇಳಿದರು. ಹೇಳಿದ ಮೇಲೂ ನಾನು ಮುಟ್ಟಿದೆನಾ?"

ಆಗಲೇ ಹೇಳಬಹುದಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

"ಗಲಾಟೆಯಲ್ಲಿ ನಿನಗೆ ಕೇಳಿಸಲಿಲ್ಲವೋ ಏನೋ," ಎಂದೆ.

"ನನಗೆ ಎಲ್ಲ ನೆನಪಿದೆ. ಯಾರು ಎಲ್ಲಿ ಕೂತಿದ್ದರು, ಯಾವ ಹಾಡು ಹೇಳುತ್ತಿದ್ದರು, ಎಲ್ಲ. ನೀನು ಕಾಗದ ಹಿಡಿದು ಎದ್ದು ನಿಂತೆ. ಅಲ್ಲಿಯವರೆಗೆ ಬರುತ್ತದೆ. ಆಮೇಲೆ ಖಾಲಿ."

ಖಾಲಿ ಇರಲಿಲ್ಲ. ಅಲ್ಲಿ ಇದ್ದದ್ದೇ ಅಷ್ಟು.

ಅವನಿಗೆ ಕೈಗಿಂತ ಹೆಚ್ಚಾಗಿ ಅದರದ್ದೇ ಚಿಂತೆ ಹತ್ತಿತು. ಸ್ಫೋಟದಲ್ಲಿ ತಲೆಗೆ ಪೆಟ್ಟಾಗಿದೆ, ಇನ್ನೇನೇನು ಮರೆತಿದ್ದೇನೋ ಎಂದು ರಾತ್ರಿಹಗಲು ತನ್ನನ್ನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದ. ಹೆಂಡತಿಯ ಮುಂದೆ ಮಗ್ಗಿ ಹೇಳುವನು. ಮಗಳ ಶಾಲೆಯ ಟೀಚರುಗಳ ಹೆಸರು ಒಪ್ಪಿಸುವನು. ಸ್ಕ್ಯಾನ್ ಮಾಡಿದರು. ಏನೂ ಇಲ್ಲ ಎಂದರು. ಅವನು ನಂಬಲಿಲ್ಲ. ಈ ನಡುವೆ ಇಗರ್ಜಿಯಲ್ಲಿ ಜನ ಮಾತಾಡಿಕೊಳ್ಳತೊಡಗಿದ್ದರು: ಪಾಪ, ಆದರೆ ಹೇಳಿದ್ದರಂತಲ್ಲ, ಹೇಳಿದ ಮೇಲೂ ಹೋಗಿ ಮುಟ್ಟುವುದೆ? ಆ ಬಸ್ಸಿನಲ್ಲಿದ್ದ ಕೆಲವರು ಕೂಡ, ಹೌದು, ಏನೋ ಹೇಳಿದ ಹಾಗಿತ್ತು, ನಾವೇ ಸರಿಯಾಗಿ ಕೇಳಲಿಲ್ಲ ಎನ್ನತೊಡಗಿದರು. ನನ್ನ ಸುಳ್ಳು ನನ್ನೊಬ್ಬನದಾಗಿ ಉಳಿಯಲಿಲ್ಲ.

ಒಂದು ಮಧ್ಯಾಹ್ನ ಅವನ ಹೆಂಡತಿ ಮಿರ್ಕಾಬ್‌ನ ನಮ್ಮ ಆಫೀಸಿನ ಕೆಳಗೆ ಬಂದು ಫೋನ್ ಮಾಡಿದರು. ಡ್ಯೂಟಿ ಮುಗಿಸಿ ನೇರ ಬಂದಿದ್ದರು, ಬಿಳಿ ಶೂ ಕೂಡ ಬದಲಾಯಿಸಿರಲಿಲ್ಲ.

"ನಿಮ್ಮಿಂದ ಒಂದು ಉಪಕಾರ ಆಗಬೇಕು," ಎಂದರು. "ಬಸ್ಸಿನಲ್ಲಿ ಹೇಳಿದ ಮಾತನ್ನು ಇವರ ಮುಂದೆ ಇನ್ನೊಮ್ಮೆ ಹೇಳುತ್ತೀರಾ? ಹಾಗೆಯೇ ಎದ್ದು ನಿಂತು, ಅದೇ ಸ್ವರದಲ್ಲಿ. ಕೇಳಿದರೆ ನೆನಪು ತಿರುಗಿ ಬಂದೀತು. ಅದೊಂದು ಬಂದರೆ ಅವರಿಗೆ ನಿದ್ದೆ ಬರುತ್ತದೆ."

ಸಾಧ್ಯವಿಲ್ಲ ಎನ್ನಲು ಕಾರಣವೇನೆಂದು ಹೇಳಲಿ? ಹೂಂ ಎಂದೆ.

ಆ ಸಂಜೆ ನಾನು ವಾರ್ಡಿನಲ್ಲಿ, ಗೆಳೆಯನ ಮಂಚದ ಕಾಲ ಬಳಿ, ಕೈಯಲ್ಲಿ ಒಂದು ಕಾಗದ ಹಿಡಿದು ನಿಂತು ಆ ಭಾಷಣ ಮಾಡಿದೆ. "ಒಂದು ನಿಮಿಷ, ಒಂದು ನಿಮಿಷ. ಎಲ್ಲರೂ ಕೇಳಿ. ಮೊನ್ನೆ ಮಳೆಯಾಗಿದೆ. ಮರಳಿನಲ್ಲಿ ಕಬ್ಬಿಣದ್ದು ಏನು ಕಂಡರೂ ಮುಟ್ಟಬೇಡಿ. ಎತ್ತಬೇಡಿ. ಕಂಡರೆ ನನಗೆ ಬಂದು ಹೇಳಿ." ಚೆನ್ನಾಗಿಯೇ ಹೇಳಿದೆ. ಅಂದು ಹೀಗೆ ಹೇಳಲು ಅರ್ಧ ನಿಮಿಷ ಕೂಡ ಬೇಕಾಗಿರಲಿಲ್ಲ ಎಂದು ಹೇಳುತ್ತಿರುವಾಗಲೇ ತಿಳಿಯಿತು.

ಅವನು ಉಳಿದ ಒಂದು ಕಣ್ಣನ್ನು ಮುಚ್ಚಿ ಕೇಳಿದ. ಹಣೆ ಗಂಟಿಕ್ಕಿ, ಪೂರ್ತಿ ಮೈಯಿಂದ ಕೇಳಿದ. "ಇನ್ನೊಮ್ಮೆ," ಎಂದ. ಇನ್ನೊಮ್ಮೆ ಹೇಳಿದೆ.

"ಇಲ್ಲ. ಬರುತ್ತಿಲ್ಲ," ಎಂದು ಮುಖ ಗೋಡೆಗೆ ತಿರುಗಿಸಿಕೊಂಡು ಅತ್ತ. ಹೆಂಡತಿ ಅವನ ಬೆನ್ನು ಸವರುತ್ತ ನನಗೆ, "ಉಪಕಾರವಾಯಿತು," ಎಂದರು.

ತಿರುಗಿದರೆ ಬಾಗಿಲಲ್ಲಿ ಹವಲ್ದಾರರು ಕಿತ್ತಳೆಹಣ್ಣಿನ ಚೀಲ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕಾರಿಡಾರಿಗೆ ಬಂದ ಮೇಲೆ ಬಾಯಿ ತೆರೆದರು.

"ನೀವು ಹೇಳಲಿಲ್ರಿ. ನಾ ಮುಂದಿನ ಸೀಟಿನ್ಯಾಗ ಇದ್ದೆ."

ನಾನು ವಾರ್ಡಿನ ಬಾಗಿಲು ಎಳೆದುಕೊಂಡೆ.

"ನನ್ನೂ ಯಾರೂ ಕೇಳಲಿಲ್ಲ, ನಾನೂ ಸುಮ್ಮ ಕುಂತೆ. ಅದು ನನ್ನ ತಪ್ಪು. ನೀವು ಮರತದ್ದು ತಪ್ಪಲ್ರಿ, ಮನುಷ್ಯಾ ಮರೀತಾನ. ಆದ್ರ ಈಗ ಒಳಗ ಮಾಡಿದ್ರಲ್ಲ..." ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಶುಕ್ರವಾರದ ತನಕ ನೋಡತೀನಿ. ನೀವು ಹೇಳಬೇಕು. ಇಲ್ಲಾಂದ್ರ ನಾ ಹೇಳಾಂವ."

ಆದ್ದರಿಂದ ನಾನು ಹೇಳಿದ್ದು ಮನಸ್ಸಾಕ್ಷಿಯಿಂದ ಎಂದು ಯಾರೂ ತಿಳಿಯಬಾರದು. ಗಡುವು ಕೊಟ್ಟದ್ದರಿಂದ ಹೇಳಿದೆ. ಅದೂ ಗುರುವಾರ.

ಅಷ್ಟರಲ್ಲಿ ಅವನನ್ನು ಮನೆಗೆ ಕಳಿಸಿದ್ದರು. ಎರಡು ಮಾಳಿಗೆ ಹತ್ತಿ ಬಾಗಿಲು ತಟ್ಟಿದೆ. ಅವನ ಹೆಂಡತಿಯೂ ಇರಲಿ ಎಂದು ಕೇಳಿಕೊಂಡೆ. ಮಗಳು ಒಳಗಿನ ಕೋಣೆಯಲ್ಲಿ ಓದುತ್ತಿದ್ದಳು. ಕೂರದೆ ನಿಂತೇ ಹೇಳಿದೆ.

"ಬಸ್ಸಿನಲ್ಲಿ ನಾನು ಏನೂ ಹೇಳಲಿಲ್ಲ. ಎದ್ದು ನಿಂತೆ, ಎಲ್ಲರೂ ಕೂಗಿದರು, ಕೂತೆ. ಆಮೇಲೆ ಮರೆತೆ. ಠಾಣೆಯಲ್ಲಿ ಹೆದರಿ ಸುಳ್ಳು ಹೇಳಿದೆ. ನಿನಗೂ ಸುಳ್ಳು ಹೇಳಿದೆ."

ಅವನು ನನ್ನನ್ನು ನೋಡಿದ. ಅವನ ಮುಖದಲ್ಲಿ ಮೊದಲು ಕಂಡದ್ದು ಸಿಟ್ಟಲ್ಲ. ತಿಂಗಳಿನಿಂದ ಬಿಗಿದುಕೊಂಡಿದ್ದೇನೋ ಸಡಿಲವಾದ ಹಾಗೆ, "ಹಾಗಾದರೆ ನನ್ನ ತಲೆ ಸರಿ ಇದೆ," ಎಂದ. ಹೆಂಡತಿಯ ಕಡೆ ತಿರುಗಿ, "ಕೇಳಿದೆಯಾ? ನನ್ನ ತಲೆ ಸರಿ ಇದೆ. ಎಲ್ಲ ನೆನಪಿದೆ ಎಂದು ನಾನು ಹೇಳಲಿಲ್ಲವಾ?" ಎಂದು ನಕ್ಕ. ನಗುತ್ತ ನಗುತ್ತಲೇ ಅದು ನಿಂತಿತು. ಆಸ್ಪತ್ರೆಯಲ್ಲಿ ಎರಡು ಸಲ ಆ ಭಾಷಣ ಕೇಳಿದ್ದು ಆಗ ನೆನಪಾಗಿರಬೇಕು.

"ನೀನು ನಿಂತು ಹೇಳಿದೆಯಲ್ಲ, ಮಂಚದ ಹತ್ತಿರ," ಎಂದ. "ನಾನು ಇನ್ನೊಮ್ಮೆ ಅಂದೆ. ನೀನು ಇನ್ನೊಮ್ಮೆ ಹೇಳಿದೆ."

"ಹೌದು."

"ಹೋಗು ಮಾರಾಯ," ಎಂದ. ಗಟ್ಟಿಯಾಗಿ ಅಲ್ಲ. "ಈಗ ಹೋಗು."

ಮರುದಿನ ಫಾದರಿಗೆ ಹೇಳಿದೆ. ಅವರು, "ಠಾಣೆಗೂ ಹೋಗಿ ಹೇಳು. ಇಗರ್ಜಿಗೆ ಏನಾಗುತ್ತದೋ ಆಗಲಿ," ಎಂದರು. ಹೋದೆ. ಹೇಳಿಕೆ ಬರೆದುಕೊಂಡು ಸಹಿ ಹಾಕಿಸಿಕೊಂಡರು. ಕರೆಯುತ್ತೇವೆ ಎಂದರು. ಎರಡು ಸಲ ಕರೆದರು, ಅದನ್ನೇ ಕೇಳಿದರು, ನಾನು ಅದನ್ನೇ ಹೇಳಿದೆ. ಮೂರನೇ ಸಲ ಭಾಷಾಂತರದವನು, "ಖಲಾಸ್ ಭಾಯಿ, ಫೈಲ್ ಮುಗಿಯಿತು, ಮನೆಗೆ ಹೋಗು," ಎಂದ. ನನಗೆ ಶಿಕ್ಷೆಯಾಗಲಿಲ್ಲ. ನಾನು ಅಷ್ಟು ಹೆದರಿದ್ದ ಯಾವುದೂ ಆಗಲಿಲ್ಲ. ಆಗಬೇಕಾದದ್ದೆಲ್ಲ ಅವನಿಗೇ ಆಯಿತು. ಒಂದು ಕೈಯಲ್ಲಿ ಹಲ್ಲು ಮಾಡುವ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಇಕಾಮಾ ಇಲ್ಲ. ಹೆಂಡತಿಯ ಇಕಾಮಾದ ಮೇಲೆ ಗಂಡನನ್ನು ಉಳಿಸಿಕೊಳ್ಳಲು ಆಗಲಿಲ್ಲ. ಶಾಲೆಯ ವರ್ಷ ಮುಗಿದ ಕೂಡಲೇ ಅಪ್ಪ ಮಗಳು ಮಂಗಳೂರಿಗೆ ಹೋದರು. ಅವನ ಹೆಂಡತಿ ಇಲ್ಲೇ ಉಳಿದರು, ಯಾರಾದರೂ ಒಬ್ಬರು ದುಡಿಯಬೇಕಲ್ಲ.

ಸಂಘದ ಸಭೆಯಲ್ಲಿ ನಿಂತು ಎಲ್ಲರ ಮುಂದೆ ನಡೆದದ್ದನ್ನು ಹೇಳಿ ರಾಜೀನಾಮೆ ಕೊಟ್ಟೆ. ಯಾರೂ ಬೈಯಲಿಲ್ಲ. "ಈಗ ಇದನ್ನೆಲ್ಲ ಯಾಕೆ ಕೆದಕುವುದು," ಎಂದು ಒಬ್ಬರು ಮೆಲ್ಲಗೆ ಹೇಳಿದರು. ಬಸ್ಸಿನಲ್ಲಿ ನನ್ನನ್ನು ಕೂತುಕೊ ಎಂದವರಲ್ಲಿ ಅವರೂ ಒಬ್ಬರು. ಆಮೇಲೆ ಸಂಘ ಸೇರುವುದೇ ನಿಂತುಹೋಯಿತು.

ಹವಲ್ದಾರರು ಈಗಲೂ ಗೆಳೆಯನಿಗೆ ಪ್ರತಿ ವಾರ ಫೋನ್ ಮಾಡುತ್ತಾರೆ. ಅವನು ಎಡಗೈಯಲ್ಲಿ ಬರೆಯಲು ಕಲಿತದ್ದು, ಒಂದು ದಂತ ಕಾಲೇಜಿನ ಲ್ಯಾಬಿನಲ್ಲಿ ವಿದ್ಯಾರ್ಥಿಗಳಿಗೆ ಬಾಯಲ್ಲಿ ಹೇಳಿಕೊಡುವ ಕೆಲಸ ಸಿಕ್ಕಿದ್ದು ನನಗೆ ಅವರಿಂದಲೇ ತಿಳಿದದ್ದು. ನಾನು ಕಳಿಸಿದ ಮೆಸೇಜುಗಳನ್ನು ಅವನು ಓದುತ್ತಾನೆ. ಉತ್ತರ ಬರುವುದಿಲ್ಲ.

ಅವನ ಹೆಂಡತಿ ಪ್ರತಿ ಶುಕ್ರವಾರ ಪೂಜೆಗೆ ಬರುತ್ತಾರೆ. ಮೊನ್ನೆ ಇಗರ್ಜಿಯ ಅಂಗಳದಲ್ಲಿ ನೀರು ಕುಡಿಯುವಲ್ಲಿ ಎದುರಾದರು. ನಾನು ಪಕ್ಕಕ್ಕೆ ಸರಿದೆ. ಅವರು ನೀರು ಕುಡಿದು, ಲೋಟ ಇಟ್ಟು, ಮೊದಲ ಸಲ ನನ್ನನ್ನು ನೇರ ನೋಡಿದರು.

"ನಿಮ್ಮನ್ನು ದ್ವೇಷಿಸಬೇಡ ಎಂದು ಅವರು ಹೇಳುತ್ತಲೇ ಇರುತ್ತಾರೆ," ಎಂದರು. "ನನ್ನಿಂದ ಇನ್ನೂ ಆಗಿಲ್ಲ. ನಿಮಗೆ ಗೊತ್ತಿರಲಿ ಎಂದು ಹೇಳಿದೆ."

ಗೇಟಿನ ಹೊರಗೆ ಆಸ್ಪತ್ರೆಯ ಬಸ್ಸು ಬಂದಿತ್ತು. ಮಧ್ಯಾಹ್ನದ ಡ್ಯೂಟಿ ಇರಬೇಕು, ಬೇಗ ಬೇಗ ನಡೆದು ಹೋಗಿ ಹತ್ತಿದರು.